ಹದಿನೇಳನೇ ಡೇರೆಯ ಪಟ್ಟಿಯಕ್ಕ

ಓಟ ಅಂದಮೇಲೆ ಸಂಜೆ ಆರಕ್ಕೆ ಮುಗಿಯಲೇಬೇಕು ಎಂದು ಚಾಲಕ ನಂಬಿದ್ದ. ನಾಲ್ಕು ದಿನದ ಓಟವೆಂದರೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಊಟದ ಬಿಡುವು, ಸಂಜೆ ಎಲ್ಲರೂ ಬೆವರು ಒರೆಸಿಕೊಂಡು ಲಾಡ್ಜಿಗೆ, ಮರುದಿನ ಬಿಟ್ಟ ಜಾಗದಿಂದ ಮತ್ತೆ ಓಟ. ಅವನು ಕೆಲಸ ಮಾಡುವ ಹಾಸಿಗೆ ಅಂಗಡಿ ನಡೆಯುವುದು ಹಾಗೆ. ಲೋಕವೆಲ್ಲ ಹಾಗೇ ನಡೆಯುತ್ತದೆ ಎಂದುಕೊಳ್ಳಲು ಅವನಿಗೆ ಅಷ್ಟು ಸಾಕಿತ್ತು. ಆ ನಂಬಿಕೆಯ ಬಲದ ಮೇಲೆ ಇಸ್ತ್ರಿ ಮಾಡಿದ ನಾಲ್ಕು ಅಂಗಿ, ಸಂಜೆಯ ತಿರುಗಾಟಕ್ಕೆ ಹೊಸ ಚಪ್ಪಲಿ, ಒಂದು ಇಸ್ಪೀಟು ಕಟ್ಟು ತುಂಬಿಕೊಂಡು ಅವನು ಕಾಡಿನ ಅಂಚಿಗೆ ಬಂದಿಳಿದ.

ಹದಿನೇಳನೇ ನಂಬರಿನ ತಂಡದ ಡೇರೆಯೊಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅಂಟುಪಟ್ಟಿಯನ್ನು ಬೆರಳುದ್ದಕ್ಕೆ ಕತ್ತರಿಸಿ ಕತ್ತರಿಸಿ ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದಳು.

"ಅಕ್ಕಾ, ಓಟ ಎಷ್ಟು ಹೊತ್ತಿಗೆ ನಿಲ್ಲಿಸ್ತಾರೆ?"

"ಗುರುವಾರ."

"ಅಲ್ಲ, ಇವತ್ತು?"

"ಇವತ್ತು ಸೋಮವಾರ."

"ಮತ್ತೆ ಅವರೆಲ್ಲ ಮಲಗೋದು ಎಲ್ಲಿ?"

ಕತ್ತರಿ ನಿಂತಿತು. "ಆ ಮಾತು ಇನ್ನೊಂದ್ಸಲ ನಿನ್ನ ಬಾಯಿಂದ ಬಂದ್ರೆ ಈ ಪಟ್ಟಿ ನಿನ್ನ ಬಾಯಿಗೆ ಬೀಳುತ್ತೆ," ಎಂದಳು ಪಟ್ಟಿಯಕ್ಕ, ತಲೆ ಎತ್ತದೆ.

ಪರಿಚಯ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಒಳ್ಳೆಯ ಮಾತು ಆ ನಾಲ್ಕು ದಿನದಲ್ಲಿ ಅವಳಿಂದ ಅವನಿಗೆ ಸಿಗಲಿಲ್ಲ.

ಚಾಲಕನಿಗಿಂತ ದೊಡ್ಡ ಅಪರಾಧಿ ಅವನ ವ್ಯಾನು. ತಂಡಕ್ಕೆ ನೆರವಾಗಲಿ ಎಂದು ಅಂಗಡಿಯ ಮಾಲೀಕರು ವ್ಯಾನನ್ನೂ ಅದರ ಜೊತೆಗೆ ಬಿಟ್ಟಿಯಾಗಿ ಇವನನ್ನೂ ಕೊಟ್ಟು ಕಳಿಸಿದ್ದರು. ವ್ಯಾನಿನ ಎರಡೂ ಮಗ್ಗುಲಿಗೆ ಆಳೆತ್ತರದ ಹೆಂಗಸೊಬ್ಬಳು ಬಿಳಿ ಹಾಸಿಗೆಯ ಮೇಲೆ, ಕೆನ್ನೆಯಡಿ ಕೈಯಿಟ್ಟು, ತುಟಿಯಲ್ಲಿ ನಗುವಿಟ್ಟು ಮಲಗಿದ್ದಳು. ಕೆಳಗೆ 'ಮಲಗಿದರೆ ಏಳಲು ಮನಸ್ಸೇ ಬಾರದು' ಎಂಬ ಬರಹ. ಮೂರು ದಿನ ರೆಪ್ಪೆ ಮುಚ್ಚದೆ, ಬೆಟ್ಟ ಹತ್ತಿ ಇಳಿದು, ಸೈಕಲ್ ತುಳಿದು, ದೋಣಿ ಹುಟ್ಟು ಹಾಕಿ ಬರುವವರ ಮುಂದೆ ಇದನ್ನು ನಿಲ್ಲಿಸುವುದೆಂದರೆ ಏನರ್ಥ ಎಂದು ಚಾಲಕನಿಗೆ ಹೊಳೆದಿರಲಿಲ್ಲ.

"ಇದನ್ನ ನೋಡಿದ ಮೇಲೆ ಯಾವನು ಮುಂದೆ ಓಡ್ತಾನೋ, ಕಟುಕ? ಮುಚ್ಚು ಅವಳನ್ನ!" ಎಂದು ಪಟ್ಟಿಯಕ್ಕ ಎಸೆದ ಟಾರ್ಪಾಲನ್ನು ಅವನು ವ್ಯಾನಿಗೆ ಹೊದಿಸಿ ಕಟ್ಟಿದ. ಅಂದಿನಿಂದ ಅವನ ಹೆಸರು 'ಹಾಸಿಗೆ' ಆಯಿತು. "ಏ ಹಾಸಿಗೆ, ನೀರು ತಾ." "ಏ ಹಾಸಿಗೆ, ದಾರಿಗೆ ಅಡ್ಡ ನಿಲ್ಲಬೇಡ." ಇಪ್ಪತ್ತೊಂಬತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಬಿರುದು ಇದು.

ಓಟದ ಬಗೆ ಅವನಿಗೆ ನಿಧಾನವಾಗಿ ತಲೆಗಿಳಿಯಿತು. ತಂಡಕ್ಕೆ ನಾಲ್ವರು. ಕೈಯಲ್ಲಿ ನಕ್ಷೆ, ದಿಕ್ಸೂಚಿ, ಅಷ್ಟೇ. ನಾಲ್ವರಲ್ಲಿ ಒಬ್ಬರು ಕೈಚೆಲ್ಲಿದರೂ ಇಡೀ ತಂಡ ಲೆಕ್ಕದಿಂದ ಔಟು. ದಾರಿಯಲ್ಲಿ ಮೂರು ಶಿಬಿರ. ತಂಡದ ನೆರವಿನವರು ಸುತ್ತುದಾರಿಯಲ್ಲಿ ವ್ಯಾನು ಓಡಿಸಿಕೊಂಡು ಮುಂಚೆಯೇ ಅಲ್ಲಿಗೆ ತಲುಪಿ, ಡೇರೆ ಹಾಕಿ, ಒಣ ಕಾಲುಚೀಲ ಜೋಡಿಸಿ, ಸೂಪು ಕುದಿಸಿ, ಆಲೂಗಡ್ಡೆ ಬೇಯಿಸಿ ಕಾಯಬೇಕು. ಓಟಗಾರರು ಬಂದರೆ ಇಪ್ಪತ್ತು ನಿಮಿಷದಲ್ಲಿ ತಿನ್ನಿಸಿ, ಕಾಲು ನೋಡಿ, ಬೈದು ಅಟ್ಟಬೇಕು.

ಪಟ್ಟಿಯಕ್ಕನ ಡೇರೆಯಲ್ಲಿ ಕುರ್ಚಿ ಇರಲಿಲ್ಲ. ಬೆನ್ನಿಗೆ ಆಸರೆ ಸಿಕ್ಕರೆ ಮನುಷ್ಯ ಹೆಣವಾಗುತ್ತಾನೆ ಎಂಬುದು ಅವಳ ತೀರ್ಮಾನ. ಇದ್ದದ್ದು ನಾಲ್ಕು ಬಕೆಟ್ಟು. ಅಲ್ಲಿ ಮೂರು ಮಾತಿಗೆ ನಿಷೇಧ: 'ನಿದ್ದೆ', 'ಸುಸ್ತು', 'ಸಾಕು'. ಚಾಲಕ ಇದನ್ನು ತಮಾಷೆ ಎಂದುಕೊಂಡಿದ್ದ. ಮೊದಲ ಶಿಬಿರಕ್ಕೆ ತಂಡ ಬಂದಾಗ, ಅದರಲ್ಲಿದ್ದ ಬಡಗಿ ಅಣ್ಣತಮ್ಮಂದಿರಲ್ಲಿ ತಮ್ಮನ ಮುಖ ನೋಡಲಾಗದೆ, ಚಾಲಕ ಮೆಲ್ಲಗೆ "ತುಂಬಾ ಸುಸ್ತಾಯ್ತಾ?" ಎಂದು ಕೇಳಿಬಿಟ್ಟ. ಬಾಗಿಲು ಚೌಕಟ್ಟನ್ನು ಒಬ್ಬನೇ ಹೆಗಲಿಗೇರಿಸುವ ಆ ಗಟ್ಟಿ ಆಳು ಬಕೆಟ್ಟಿನ ಮೇಲೆ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ಮತ್ತೆ ನಿಲ್ಲಿಸಲು ಹನ್ನೆರಡು ನಿಮಿಷ ಹಿಡಿಯಿತು.

"ಕನಿಕರ ತೋರಿಸ್ತಾನಂತೆ ಕನಿಕರ," ಎಂದು ಪಟ್ಟಿಯಕ್ಕ ಖಾಲಿ ಪಾತ್ರೆಯನ್ನು ಅವನ ಕಾಲಬುಡಕ್ಕೆ ಎಸೆದಳು. "ನಿನ್ನ ಕನಿಕರ ಹನ್ನೆರಡು ನಿಮಿಷ ತಿಂತು. ಹೋಗಿ ಪಾತ್ರೆ ತೊಳಿ. ಪಾತ್ರೆಗೆ ಏನು ಬೇಕಾದ್ರೂ ಕೇಳು."

ಪಟ್ಟಿಯಕ್ಕನ ಹೊಟ್ಟೆಪಾಡಿನ ಕೆಲಸ ದೊಡ್ಡಾಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿತ್ತು. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಇಪ್ಪತ್ತಾರು ವರ್ಷದಿಂದ. ಕೆಳಗಿನ ಅರ್ಧಕ್ಕೆ ಬಿಳಿ ಬಣ್ಣ ಬಳಿದ ಒಂದು ಕಿಟಕಿ, ಒಂದು ಕಾಲು ಗಿಡ್ಡವಾದ್ದರಿಂದ ರಟ್ಟು ಮಡಿಸಿ ಒತ್ತುಕೊಟ್ಟ ಸ್ಟೂಲು, ಅಂಚಿನಲ್ಲಿ ಚಕ್ಕೆ ಎದ್ದ ಪಿಂಗಾಣಿ ತಟ್ಟೆ, ಮೂಗಿಗೆ ಅಡರುವ ಸ್ಪಿರಿಟ್ ವಾಸನೆ. ಹೊರಗೆ ಓಣಿಯುದ್ದಕ್ಕೂ ಜನ. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಕಥೆ ಬೇಡ, ಕಾಲು ತೋರಿಸು," ಎನ್ನುವಳು. ಒಮ್ಮೆ ಅವಳ ಸ್ವಂತ ಭಾವನವರೇ ಕೈ ಸುಟ್ಟುಕೊಂಡು ಬಂದು, ಹತ್ತು ನಿಮಿಷ ಎದುರಿಗೆ ಕೂತು, ಪಟ್ಟಿ ಕಟ್ಟಿಸಿಕೊಂಡು ಹೋದರೂ ಅವಳಿಗೆ ಗುರುತು ಹತ್ತಲಿಲ್ಲ. ಭಾವ ಇವತ್ತಿಗೂ ಅವಳ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಪಟ್ಟಿ ಮಾತ್ರ ಅಚ್ಚುಕಟ್ಟಾಗಿತ್ತು ಎಂದು ಒಪ್ಪಿಕೊಳ್ಳುತ್ತಾರಂತೆ.

ಇದನ್ನೆಲ್ಲ ಚಾಲಕನಿಗೆ ಹೇಳಿದವರು ಅವಳ ಯಜಮಾನರು. ಗಡಿಯಾರ ರಿಪೇರಿ ಮಾಡಿ ಕಣ್ಣು ಸವೆಸಿಕೊಂಡು ಅಂಗಡಿ ಮುಚ್ಚಿದ ಅವರಿಗೆ ಶಿಬಿರದಲ್ಲಿ ಅಡುಗೆಯ ಕೆಲಸ, ಹೊತ್ತು ನೋಡುವ ಕೆಲಸ. ಗಂಡಹೆಂಡಿರು ನೇರ ಮಾತಾಡುತ್ತಿರಲಿಲ್ಲ. ಚಾಲಕ ಬರುವವರೆಗೆ ಇಬ್ಬರೂ ಪಾತ್ರೆಗಳ ಜೊತೆ ಮಾತಾಡುತ್ತಿದ್ದರು. ಅವನು ಬಂದ ಮೇಲೆ ಅನುಕೂಲವಾಯಿತು.

"ಹಾಸಿಗೆ, ಸೂಪಿಗೆ ಉಪ್ಪು ಕಡಿಮೆ ಅಂತ ಹೇಳು ಅವರಿಗೆ."

"ಕೇಳಿಸ್ತಪ್ಪಾ. ಉಪ್ಪು ಸರಿ ಇದೆ, ನಾಲಿಗೇಲೇ ಎಲ್ಲಾ ಉಪ್ಪು ಇದ್ರೆ ಸೂಪಿಗೆ ಎಷ್ಟು ಹಾಕಿದ್ರೂ ಅಷ್ಟೇ ಅಂತ ಹೇಳು."

ಅವರಿಬ್ಬರ ನಡುವೆ ಚಾಲಕ ಒಂದು ಮೀಟರು ದೂರದ ಅಂಚೆಯವನಾಗಿ ದುಡಿದ.

ಜಗಳದ ಬೇರು ಮಗಳು. ಅವಳೂ ಅಂಚೆಯವಳೇ, ನಿಜವಾದ ಅಂಚೆಯವಳು. ಹೆಗಲಿಗೆ ಚೀಲ ಹಾಕಿ ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡೆಯುತ್ತಿದ್ದಳು. ತಂಡದ ನಾಯಕ ಒಂದು ಶಾಲೆಯ ಡ್ರಿಲ್ ಮೇಷ್ಟ್ರು. ಹನ್ನೊಂದು ವರ್ಷದ ಹಿಂದೆ ಹರಿದ ಪಾದ ಹೊತ್ತು ಹನ್ನೊಂದನೇ ಕೋಣೆಗೆ ಬಂದಾಗ, "ಇದನ್ನ ಕಟ್ಟಿದ್ದು ಯಾರು, ಪಾರ್ಸೆಲ್ ಆಫೀಸಿನವನಾ?" ಎಂದು ಬೈಸಿಕೊಂಡು, ಆ ಬೈಗುಳಕ್ಕೇ ಮರುಳಾಗಿ ಪಟ್ಟಿಯಕ್ಕನನ್ನು ಓಟಕ್ಕೆ ಕರೆದೊಯ್ದವನು ಇವನೇ. ಪಟ್ಟಿಯಕ್ಕನಿಗೆ ಓಟದ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಹುಚ್ಚರ ಮೆರವಣಿಗೆ ಎನ್ನುತ್ತಿದ್ದಳು. ಆದರೆ ತಾನು ಕಟ್ಟಿದ ಪಟ್ಟಿ ನಾಲ್ಕು ದಿನ ನೀರಿಗೂ ಕಲ್ಲಿಗೂ ಬಿಚ್ಚದೆ ನಿಂತದ್ದನ್ನು ನೋಡಿದಾಗ ಅವಳ ಮೈ ಒಂದು ಸುತ್ತು ಹಿಗ್ಗುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಜಾಗ ಖಾಲಿಯಾದಾಗ ಮಗಳೂ ತಂಡ ಸೇರಿದಳು. ಸಮಸ್ಯೆ ಅಲ್ಲಿ ಹುಟ್ಟಿತು.

ಕೊನೆಯ ಶಿಬಿರದಲ್ಲಿ ಒಂದು ನಿಯಮವಿತ್ತು. ಓಟದ ಮೇಲ್ವಿಚಾರಕ ಮಾರ್ಷಲ್ ತರುವ ಕಾಗದದಲ್ಲಿ ಪ್ರತಿ ಓಟಗಾರನ ಹೆಸರಿನ ಮುಂದೆ ತಂಡದ ಆರೈಕೆಯವರು 'ಮುಂದೆ ಹೋಗಬಹುದು' ಎಂದು ಸಹಿ ಹಾಕಬೇಕು. ಹೋದ ವರ್ಷ ಮಗಳ ಹಿಮ್ಮಡಿಯ ಚರ್ಮ ಸುಲಿದು, ನಂಜಿನ ಕೆಂಪು ಕಾಲಿನ ಗೆಣ್ಣಿನ ಹತ್ತಿರ ಏರಿತ್ತು. ಪಟ್ಟಿಯಕ್ಕ ಸಹಿ ಹಾಕಲಿಲ್ಲ. ಮಗಳು ಕಿರುಚಿದಳು, ಡ್ರಿಲ್ ಮೇಷ್ಟ್ರು ಕೈಮುಗಿದ, ಯಜಮಾನರು ಎಂದೂ ಇಲ್ಲದವರು ಏಕವಚನದಲ್ಲಿ ಬೈದರು. ತಂಡ ಔಟಾಯಿತು. ನಾಲ್ಕೇ ದಿನಕ್ಕೆ ಬಾವು ಇಳಿಯಿತು. ಎಂಟನೇ ದಿನ ಮಗಳು ಚೀಲ ಹೊತ್ತು ಟಪಾಲು ಹಂಚಲು ಹೊರಟಳು.

"ನೋಡಿದ್ಯಾ? ಏನೂ ಆಗಿರ್ಲಿಲ್ಲ ಕಾಲಿಗೆ!" ಎಂದಳು ಮಗಳು.

"ನಿಲ್ಲಿಸಿದ್ದಕ್ಕೆ ಆಗ್ಲಿಲ್ಲ," ಎಂದಳು ತಾಯಿ.

ಆಗದೇ ಹೋದದ್ದನ್ನು ಯಾರಿಗೆ ತೋರಿಸುವುದು, ಹೇಗೆ ತೋರಿಸುವುದು? ಅದೇ ಅವರಿಬ್ಬರ ಕೊನೆಯ ಮಾತುಕತೆ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಅಂಥ ಮನೆಯಲ್ಲಿ ಮಗಳು ತಾಯಿಯ ಜೊತೆ ಒಂದು ವರ್ಷ ಮಾತು ಬಿಟ್ಟಳು. "ಅಪ್ಪಾ, ಬಚ್ಚಲು ಖಾಲಿ ಆಯ್ತಾ ಕೇಳು." "ಅಪ್ಪಾ, ನನ್ನ ಬಟ್ಟೆ ಮುಟ್ಟಬೇಡ ಅನ್ನು." ತಾಯಿ ಬಡಿಸಿದರೆ ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಬಡಿಸಿಕೊಳ್ಳುವಳು. ಜ್ವರ ಬಂದಾಗಲೂ ತಾಯಿಯ ಕೈ ಹಣೆಗೆ ತಾಗದಂತೆ ಗೋಡೆಯ ಕಡೆ ಹೊರಳಿದಳಂತೆ.

ಈ ವರ್ಷ ತಂಡ ಬೇರೆ ಯಾರನ್ನಾದರೂ ಕರೆತರಲು ನೋಡಿತ್ತು. ಆದರೆ ಬೇರೆ ಯಾರ ಪಟ್ಟಿಯೂ ಎರಡನೇ ದಿನಕ್ಕೆ ನಿಲ್ಲುತ್ತಿರಲಿಲ್ಲ. ಮಗಳು ಈ ಸಲವಾದರೂ ಓಟ ಮುಗಿಸುವಳೋ ಇಲ್ಲವೋ ಎಂಬುದರ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಮಾತು ಹುಟ್ಟುವುದೋ ಇಲ್ಲವೋ ಎಂಬುದು ನಿಂತಿತ್ತು. "ಇನ್ನೊಂದು ವರ್ಷ ಹಿಂಗೇ ಆದ್ರೆ ನಾನು ಬಾಡಿಗೆ ಕೋಣೆ ಹಿಡಿದು ಹೋಗ್ತೀನಿ ಅಂದಿದ್ದಾಳೆ," ಎಂದರು ಯಜಮಾನರು, ಆಲೂಗಡ್ಡೆಯ ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗೆ ತೆಗೆಯುತ್ತ. "ನಾನೂ ಅವಳ ಜೊತೆ ಹೋಗ್ತೀನಿ ಅಂದೆ. ಕೋಪಕ್ಕೆ ಅಂದೆ. ಆದ್ರೆ ಅಂದೆ."

ಎರಡು ಶಿಬಿರಗಳಲ್ಲಿ ಮಗಳು ತನ್ನ ಪಾದವನ್ನು ತಾನೇ ನೋಡಿಕೊಂಡಳು. ತಾಯಿ ಉಳಿದ ಮೂವರ ಕಾಲು ನೋಡಿದಳು. ಕತ್ತರಿಸಿಟ್ಟ ಪಟ್ಟಿಗಳ ತಟ್ಟೆಯನ್ನು ಮಾತ್ರ ಮಗಳ ಬಕೆಟ್ಟಿನ ಪಕ್ಕಕ್ಕೆ ಕಾಲಿನಿಂದ ತಳ್ಳಿದಳು. ಮಗಳು ಅದನ್ನು ಕಾಲಿನಿಂದಲೇ ವಾಪಸು ತಳ್ಳಿದಳು.

ಬುಧವಾರ ಮಧ್ಯಾಹ್ನ, ಕೊನೆಯ ಶಿಬಿರ. ನದಿಯ ದಂಡೆ. ಸಂಜೆ ನಾಲ್ಕರೊಳಗೆ ದೋಣಿ ಹತ್ತದ ತಂಡಕ್ಕೆ ದಾರಿ ಬಂದ್. ಮೂರಾಗಿ ಹತ್ತು ನಿಮಿಷಕ್ಕೆ ಹದಿನೇಳನೇ ತಂಡ ಪೊದೆ ಸೀಳಿಕೊಂಡು ಹೊರಬಂತು. ಮುಂದೆ ಡ್ರಿಲ್ ಮೇಷ್ಟ್ರು, ಹಿಂದೆ ಬಡಗಿಗಳು. ಬಡಗಿಗಳ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಮಗಳು. ಎಡಗಾಲನ್ನು ನೆಲಕ್ಕೆ ಅಡ್ಡ ಊರುತ್ತಿದ್ದಳು.

ಅವಳು ಬಂದವಳೇ ಬಕೆಟ್ಟಿನ ಮೇಲೆ ಕೂತು ಬೂಟು ಕಿತ್ತಳು. ಬೂಟಿನೊಳಗಿಂದ ನೀರು ಸುರಿಯಿತು. ಅದು ಬರಿ ನೀರಲ್ಲ ಎಂದು ಗೊತ್ತಾಗುತ್ತಲೇ ಚಾಲಕ ವ್ಯಾನಿನ ಹಿಂದೆ ಹೋಗಿ ಒಂದೆರಡು ನಿಮಿಷ ಟಾರ್ಪಾಲಿನ ಗಂಟು ಬಿಗಿ ಮಾಡಿದ. ಗಂಟು ಬಿಗಿಯಾಗಿಯೇ ಇತ್ತು. ಅವನು ವಾಪಸು ಬಂದಾಗ ಮಗಳ ಕಾಲು ತಾಯಿಯ ತೊಡೆಯ ಮೇಲಿತ್ತು. ಹೋದ ವರ್ಷದ ಅದೇ ಹಿಮ್ಮಡಿ. ಚರ್ಮ ಕಾಲುಚೀಲದ ಜೊತೆಯೇ ಕಿತ್ತು ಬಂದಿತ್ತು. ಕೆಂಪು ಹೋದ ವರ್ಷಕ್ಕಿಂತ ಎರಡು ಬೆರಳು ಮೇಲೆ ಇತ್ತು.

"ಹೇಳು," ಎಂದಳು ಮಗಳು. ಒಂದು ವರ್ಷದ ಮೇಲೆ ತಾಯಿಗೆ ಅವಳು ನೇರ ಆಡಿದ ಮೊದಲ ಮಾತು. "ಕರೆದು ಹೇಳು ಮಾರ್ಷಲ್‌ಗೆ. ನಿನಗೆ ಅಭ್ಯಾಸ ಆಗಿದೆಯಲ್ಲ."

ಪಟ್ಟಿಯಕ್ಕ ಗಾಯ ತೊಳೆದಳು. ಮಗಳು ಬಕೆಟ್ಟಿನ ಅಂಚು ಹಿಡಿದು ಕೂಗದೆ ಕೂತಳು.

"ಮೂರು ಹದಿನೈದಾಯ್ತು," ಎಂದರು ಯಜಮಾನರು. ಯಾರಿಗೆ ಎಂದು ಹೇಳಲಿಲ್ಲ.

"ಅಕ್ಕಾ," ಡ್ರಿಲ್ ಮೇಷ್ಟ್ರು ಬಾಯಲ್ಲಿ ಆಲೂಗಡ್ಡೆ ತುಂಬಿಕೊಂಡೇ ಬಾಗಿದ, "ಈ ಸಲಾನೂ ಕೈ ಕೊಟ್ರೆ..."

"ನೀನು ನುಂಗು ಮೊದ್ಲು. ಗಂಟಲಿಗೆ ಸಿಕ್ಕಿ ಸತ್ತೀಯ, ಅದಕ್ಕೂ ನಾನೇ ಹೊಣೆ ಆಗ್ತೀನಿ."

ಕೆಂಪು ಜಾಕೀಟಿನ ಮಾರ್ಷಲ್ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದ. ಕಾಲು ನೋಡಿ ಮುಖ ಕಿವುಚಿದ. "ಈ ಕಾಲಾ? ಈ ಕಾಲನ್ನ ಕಳಿಸ್ತೀರಾ? ತಮಾಷೆ ಮಾಡ್ಬೇಡಿ ಅಮ್ಮಾ. ಇವರಿಗೆ ಬುದ್ಧಿ ಇಲ್ಲ, ನಿಮಗೂ ಇಲ್ವಾ?"

"ಕಾಗದ ನಿಮ್ದು. ಕಾಲು ನೋಡೋದು ನಾನು. ಆಚೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ."

ಅವಳು ಕಿಸೆಯಿಂದ ನೀಲಿ ಪೆನ್ನು ತೆಗೆದು, ಕೆಂಪು ಎಲ್ಲಿಗೆ ನಿಂತಿತ್ತೋ ಅಲ್ಲಿ ಕಾಲಿನ ಸುತ್ತ ಒಂದು ಗೆರೆ ಎಳೆದಳು. ಹನ್ನೊಂದನೇ ಕೋಣೆಯಲ್ಲಿ ದಿನಾ ಎಳೆಯುವ ಗೆರೆ. ಮರುದಿನ ಕೆಂಪು ಅದನ್ನು ದಾಟಿದ್ದರೆ ಡಾಕ್ಟರನ್ನು ಕರೆಯಬೇಕು ಎಂದರ್ಥ.

"ಇದನ್ನ ದಾಟಿದ್ರೆ ನಿಲ್ಲು."

"ಕಾಲುಚೀಲದ ಒಳಗೆ, ಬೂಟಿನ ಒಳಗೆ, ನೀರಿನ ಒಳಗೆ ಗೆರೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಗೊತ್ತು ನಂಗೆ."

ಆಮೇಲೆ ಕತ್ತರಿಯಿಂದ ಬೂಟಿನ ಹಿಂಬದಿಯನ್ನು ಅರ್ಧಚಂದ್ರಾಕಾರಕ್ಕೆ ಕತ್ತರಿಸಿ ಎಸೆದಳು. ಪಟ್ಟಿ ಕಟ್ಟತೊಡಗಿದಳು. ಅವಳ ಬೆರಳು ಅಷ್ಟು ಬೇಗ ಓಡಿದ್ದನ್ನು ಚಾಲಕ ಅದುವರೆಗೆ ಕಂಡಿರಲಿಲ್ಲ. ಹತ್ತಿ, ಬಟ್ಟೆ, ಅಂಟುಪಟ್ಟಿ, ಅಡ್ಡ, ಉದ್ದ, ಮತ್ತೆ ಅಡ್ಡ, ಒಂದು ಸುಕ್ಕಿಲ್ಲದೆ. ಅವಳು ಬಿಗಿ ಎಳೆದಾಗೆಲ್ಲ ಮಗಳ ಕೊರಳಿನ ನರ ಎದ್ದು ಇಳಿಯುತ್ತಿತ್ತು. ನಿಷೇಧಿತ ಮೂರೂ ಮಾತು ಚಾಲಕನ ನಾಲಿಗೆ ತುದಿಗೆ ಸಾಲಾಗಿ ಬಂದು ನಿಂತಿದ್ದವು. ಅವನು ಬಾಯಿಗೆ ಒಂದು ಬಿಸಿ ಆಲೂಗಡ್ಡೆ ತುರುಕಿಕೊಂಡ. ಆ ನಾಲ್ಕು ದಿನದಲ್ಲಿ ತಂಡಕ್ಕೆ ಅವನು ಮಾಡಿದ ದೊಡ್ಡ ಉಪಕಾರ ಅದು.

"ನಲವತ್ತು," ಎಂದರು ಯಜಮಾನರು. ಹೋದ ವರ್ಷ ಕಳಿಸು ಕಳಿಸು ಎಂದು ಕೂಗಿದ್ದವರು ಈಗ ಕಾಲು ನೋಡಿ ಬೆಪ್ಪಾಗಿದ್ದರು. ವರ್ಷದ ಮೇಲೆ ಹೆಂಡತಿಯ ಕಡೆ ತಿರುಗಿ ನೇರ ಅಂದರು: "ಬೇಡ ಕಣೇ. ಇದು ಹೋದ ಸಲದ ಹಾಗಿಲ್ಲ."

"ಹೋದ ಸಲ ಹೇಳಬೇಕಿತ್ತು ಅದನ್ನ," ಎಂದಳು ಪಟ್ಟಿಯಕ್ಕ. ಎದ್ದು ಮಾರ್ಷಲ್‌ನ ಕೈಯಿಂದ ಹಲಗೆ ಕಿತ್ತುಕೊಂಡು, ನಾಲ್ಕು ಹೆಸರಿನ ಮುಂದೆ ನಾಲ್ಕು ಸಹಿ ಗೀಚಿದಳು. "ಏಳೇ. ಯಾರ ಮುಖ ನೋಡ್ತಾ ಕೂತಿದೀಯ? ಎದ್ದು ಸಾಯಿ."

ಮೂರಾಗಿ ಐವತ್ತೆರಡಕ್ಕೆ ದೋಣಿ ದಂಡೆ ಬಿಟ್ಟಿತು. ಮಗಳು ಹಿಂದಿರುಗಿ ನೋಡಲಿಲ್ಲ. ಪಟ್ಟಿಯಕ್ಕ ದೋಣಿ ನೋಡಲು ದಂಡೆಗೆ ಇಳಿಯಲೂ ಇಲ್ಲ. ಬಕೆಟ್ಟು ತೊಳೆದಳು. ನಾಲ್ಕು ಬಕೆಟ್ಟನ್ನು ಏಳೆಂಟು ಸಲ ತೊಳೆದಳು. ಯಜಮಾನರು ಹತ್ತಿರ ಹೋದರೆ ಕೊಳಕು ನೀರನ್ನು ಅವರ ಕಾಲಿನ ಮೇಲೆಯೇ ಚೆಲ್ಲಿದಳು.

ಗುರುವಾರ ಬೆಳಿಗ್ಗೆ ಹದಿನೇಳನೇ ತಂಡ ಹನ್ನೆರಡನೆಯದಾಗಿ ಗುರಿ ಮುಟ್ಟಿತು. ನಾಲ್ವರೂ ಮುಟ್ಟಿದರು; ಕೊನೆಯ ಅರ್ಧ ಕಿಲೋಮೀಟರು ಮಗಳ ಎರಡೂ ತೋಳು ಬಡಗಿಗಳ ಕುತ್ತಿಗೆಗೆ ಜೋತಿದ್ದವು. ಚಪ್ಪಾಳೆ ಮುಗಿಯುವ ಮೊದಲೇ ಪಟ್ಟಿಯಕ್ಕ ಬೂಟನ್ನು ಸೀಳಿ ತೆಗೆದಿದ್ದಳು. ಪಟ್ಟಿ ಇದ್ದಲ್ಲಿಂದ ಒಂದು ಕೂದಲೆಳೆಯಷ್ಟೂ ಜರುಗಿರಲಿಲ್ಲ. ಕೆಂಪು ಮಾತ್ರ ನೀಲಿ ಗೆರೆಯನ್ನು ದಾಟಿ, ಮೊಣಕಾಲಿನ ಹತ್ತಿರ ಹೋಗಿತ್ತು. ವ್ಯಾನಿನ ಟಾರ್ಪಾಲು ಬಿಚ್ಚಿ ಅದರ ಮೇಲೆಯೇ ಮಗಳನ್ನು ಮಲಗಿಸಿ, ಚಾಲಕ ದೊಡ್ಡಾಸ್ಪತ್ರೆಗೆ ಓಡಿಸಿದ. ಎರಡು ಗಂಟೆಯ ದಾರಿ. ಹಿಂದೆ ತಾಯಿ ಮಗಳು ಇಡೀ ದಾರಿ ಜಗಳವಾಡಿದರು. ಒಂದು ವರ್ಷದ್ದು ಬಾಕಿ ಇತ್ತು.

ಹತ್ತೊಂಬತ್ತು ದಿನ ಆಸ್ಪತ್ರೆ. ಎರಡು ಸಲ ಕೊಯ್ದರು. ತೊಡೆಯ ಚರ್ಮ ತೆಗೆದು ಹಿಮ್ಮಡಿಗೆ ಹಾಕಿದರು. ಹಿಮ್ಮಡಿ ಮೊದಲಿನಂತಾಗುವುದಿಲ್ಲ, ನಡೆದು ಟಪಾಲು ಹಂಚುವ ಕೆಲಸ ಇನ್ನು ಬಿಡಬೇಕು ಎಂದರು ಡಾಕ್ಟರು. ಇಲಾಖೆ ಅವಳಿಗೆ ಕೂತು ಕಾಗದ ವಿಂಗಡಿಸುವ ಕೆಲಸ ಕೊಟ್ಟಿತು.

ಎರಡು ತಿಂಗಳ ಮೇಲೆ ಚಾಲಕ ಅದೇ ಆಸ್ಪತ್ರೆಗೆ ಹಾಸಿಗೆ ಇಳಿಸಲು ಹೋದ. ಮೂವತ್ತು ಹಾಸಿಗೆ ಎಣಿಸಿ ಒಪ್ಪಿಸಿದ ಮೇಲೆ ಕಾಲು ತಾನಾಗಿ ಹನ್ನೊಂದನೇ ಕೋಣೆಯ ಕಡೆ ಹೋಯಿತು. ಓಣಿಯಲ್ಲಿ ಕೂತಿದ್ದ ಜನ ತಮ್ಮ ನೋವು ಮರೆತು ಒಳಗಿನ ಜಗಳ ಕೇಳುತ್ತಿದ್ದರು.

"ಮೆಲ್ಲಗೆ ಅಂದ್ರೆ ಮೆಲ್ಲಗೆ! ಇದೇನು ಕಾಲಾ, ಒಲೆಗೆ ಸೀಳೋ ಸೌದೇನಾ?"

"ಸೌದೆ ಆಗಿದ್ರೆ ಇಷ್ಟು ಬಾಯಿ ಮಾಡ್ತಿರ್ಲಿಲ್ಲ. ಅಲ್ಲಾಡಬೇಡ."

"ಅಡುಗೆಮನೆ ಲೈಟು ಉರಿಸಿಟ್ಟು ಬಂದಿದೀಯ ಇವತ್ತೂ."

"ನೀನು ಬಚ್ಚಲ ನಲ್ಲಿ ಬಿಟ್ಟು ಬಂದಿದೀಯ. ನಾನು ಕೇಳಿದ್ನಾ?"

ಚಾಲಕ ಬಾಗಿಲಲ್ಲಿ ನಿಂತ. ಮಗಳ ಕಾಲು ಸ್ಟೂಲಿನ ಮೇಲಿತ್ತು. ಹಿಮ್ಮಡಿಯಲ್ಲಿ ಬೇರೆ ಬಣ್ಣದ ತೇಪೆ ಮಿರುಗುತ್ತಿತ್ತು. ಪಟ್ಟಿಯಕ್ಕ ತಲೆ ಎತ್ತದೆ ಅಂದಳು: "ಹಾಸಿಗೆ, ಬಾಗಿಲಲ್ಲಿ ನಿಲ್ಲಬೇಡ. ಬೆಳಕಿಗೆ ಅಡ್ಡ."

ಅವನು ಒಳಗೆ ಬಂದು ಗೋಡೆಗೆ ಒರಗಿದ. ಸುಮ್ಮನೆ ಕ್ಷೇಮ ಕೇಳಿ ಹೋಗಿದ್ದರೆ ಆಗುತ್ತಿತ್ತು. ಆದರೆ ಎರಡು ತಿಂಗಳಿಂದ, ಹಾಸಿಗೆ ಹೊತ್ತು ಮೆಟ್ಟಿಲು ಹತ್ತುವಾಗೆಲ್ಲ ಆ ನಾಲ್ಕು ಸಹಿ ಅವನ ಕಣ್ಣಿಗೆ ಕಟ್ಟುತ್ತಿತ್ತು. ಯಾರನ್ನು ಯಾರ ಎದುರು ಏನು ಕೇಳಬಾರದು ಎಂಬ ವಿವೇಕ ಅವನಿಗೆ ಶಿಬಿರದಲ್ಲೂ ಇರಲಿಲ್ಲ, ಇಲ್ಲೂ ಬರಲಿಲ್ಲ.

"ಅಕ್ಕಾ, ಒಂದು ಕೇಳ್ತೀನಿ. ಆವತ್ತು ಆ ಬಕೆಟ್ ಮೇಲೆ ಬೇರೆ ಯಾರ ಮಗಳಾದ್ರೂ ಅದೇ ಕಾಲು ಇಟ್ಕೊಂಡು ಕೂತಿದ್ರೆ, ಸಹಿ ಹಾಕ್ತಿದ್ರಾ?"

ಓಣಿಯ ಜನ ಬಾಗಿಲ ಕಡೆ ಕತ್ತು ಚಾಚಿದರು.

ಪಟ್ಟಿಯಕ್ಕ ಪಟ್ಟಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು.

"ಇಲ್ಲ. ಬೇರೆಯವರ ಮಗಳಾಗಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ಬೇರೆಯವರ ಮಗಳು ಮಾತು ಬಿಟ್ರೆ ನನಗೇನು?"